ಡಾಂಬರು ಹಾಕಿದ ಮೇಲೇ ಅಗೆಯೋದು ಯಾಕೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಅಂಚಿನ ಹೊಸ ಬಡಾವಣೆಯಲ್ಲಿ. ಯುಗಾದಿಗೆ ಮೊದಲು ಡಾಂಬರು ಬಂತು. ಮೂರೇ ವಾರಕ್ಕೆ ನೀರಿನ ಪೈಪಿಗೆ ಅಗೆದರು, ಆಮೇಲೆ ಕೇಬಲ್‌ಗೆ. ಗೇಟಿನ ಮುಂದೆ ಹಲಗೆ ಹಾಕಿಕೊಂಡು ಸ್ಕೂಟರ್ ದಾಟಿಸುತ್ತಿದ್ದೇವೆ. ಮೊದಲೇ ಮಾತಾಡಿಕೊಂಡು ಮಾಡೋಕೆ ಆಗಲ್ವಾ?

ಉತ್ತರ: ಆಗುತ್ತೆ. ಬೆಂಗಳೂರಲ್ಲೇ ಮಾಡಿದ್ದಾರೆ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ನೀರು, ಒಳಚರಂಡಿ, ಕರೆಂಟ್, ಕೇಬಲ್‌ಗಳಿಗೆ ಬೇರೆ ಬೇರೆ ಜಾಗ ಗುರುತಿಸಿ, ಕೇಬಲ್‌ಗಳನ್ನು ಫುಟ್‌ಪಾತ್ ಕೆಳಗಿನ ಡಕ್ಟ್‌ಗಳಿಗೆ ಇಳಿಸಿದರು; ರಿಪೇರಿ ಬಂದರೆ ಚೇಂಬರ್ ಮುಚ್ಚಳ ಎತ್ತಿದರಾಯಿತು, ಡಾಂಬರು ಮುಟ್ಟಬೇಕಿಲ್ಲ. ಖರ್ಚು ಜಾಸ್ತಿ, ನಿಜ. ಆದರೆ ಒಂದೇ ರಸ್ತೆಗೆ ಮೂರು ಸಲ ಡಾಂಬರು ಹಾಕೋದೇನು ಪುಕ್ಕಟೆಯಾ?

ಅಂಚಿನ ಬಡಾವಣೆಗಳ ಕಥೆ ಬೇರೆ. 2007ರಲ್ಲಿ ಸುತ್ತಲಿನ ನಗರಸಭೆಗಳ ಜತೆ 110 ಹಳ್ಳಿಗಳನ್ನೂ ಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆ ನೀರು ಕೊಡಲೆಂದು ರೂಪಿಸಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಜನ ಸುಮ್ನೆ ಕಾಯ್ತಾರಾ? ಮನೆ ಕಟ್ಟಿದರು, ಬೋರ್‌ವೆಲ್ ಕೊರೆಸಿದರು, ಟ್ಯಾಂಕರ್ ತರಿಸಿದರು, ರಸ್ತೆಗಾಗಿ ಜಗಳವಾಡಿ ಅದನ್ನೂ ಹಾಕಿಸಿಕೊಂಡರು. ಪೈಪು ಬಂದಿದ್ದು ಕೊನೆಗೆ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಈಗ ನೀವು ಮಾಡಬಹುದಾದ್ದು ಒಂದಿದೆ. ಮತ್ತೆ ಡಾಂಬರು ಹಾಕುವ ಮೊದಲು ವಾರ್ಡ್ ಎಂಜಿನಿಯರ್ ಹತ್ತಿರ ಹೋಗಿ, ಮನೆಮನೆಯ ನೀರು, ಒಳಚರಂಡಿ ಕನೆಕ್ಷನ್ ಮುಗಿದಿದೆಯಾ ಅಂತ ಬರಹದಲ್ಲಿ ಕೇಳಿ. ಖಾಲಿ ಸೈಟುಗಳನ್ನು ಮರೆಯಬೇಡಿ, ಮುಂದಿನ ಅಗೆತ ಶುರುವಾಗೋದು ಅಲ್ಲಿಂದಲೇ. ಗುಂಡಿ ಮುಚ್ಚುವ ಮುಂಚೆ ಪೈಪಿನ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ; ಪೈಪು ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಮುಂದೆ ಗೊತ್ತಾಗುತ್ತೆ.