ಮಿದುಳೇ ಹೀಗಿದೆ ಅಂದಮೇಲೆ ಗುಣವಾಗೋದು ಹೇಗೆ?

ಪ್ರಶ್ನೆ: ಮೇಡಂ, ಮದುವೆಯಾಗಿ ಮೂರು ವರ್ಷ ಆಯಿತು. ನಮ್ಮ ಯಜಮಾನರು ಮನೆ ಬಿಡುವ ಮುಂಚೆ ಗ್ಯಾಸ್ ರೆಗ್ಯುಲೇಟರ್ ಆಫ್ ಆಗಿದೆಯಾ ಅಂತ ಹತ್ತಾರು ಸಲ ತಿರುಗಿಸಿ ನೋಡುತ್ತಾರೆ. ಅದರ ಫೋಟೋ ತೆಗೆಯುತ್ತಾರೆ. ಗೇಟಿನಿಂದ ವಾಪಸ್ ಬರುತ್ತಾರೆ. ಆಫೀಸಿನಿಂದ ಫೋನ್ ಮಾಡಿ ನನ್ನನ್ನೂ ಕೇಳುತ್ತಾರೆ. ಡಾಕ್ಟರ್ ಒಸಿಡಿ, ಅಂದರೆ ಗೀಳು ಕಾಯಿಲೆ ಅಂದರು. ಮಾತ್ರೆ ಹದಿನೈದು ದಿನ ತಗೊಂಡು ಬಿಟ್ಟುಬಿಟ್ಟರು. ಈಗ ಏನೋ ಓದಿ, ‘ನನ್ನ ಮಿದುಳೇ ಹೀಗಿದೆ, ಏನು ಮಾಡಿದರೂ ಅಷ್ಟೇ’ ಅನ್ನುತ್ತಾರೆ. ನಮ್ಮತ್ತೆ, ‘ನೀನು ಸಲಿಗೆ ಕೊಟ್ಟಿದ್ದಕ್ಕೇ ಇದೆಲ್ಲ’ ಅನ್ನುತ್ತಾರೆ. ಎಂಆರ್‌ಐ ಮಾಡಿಸಲಾ? ಜೀವನಪೂರ್ತಿ ಹೀಗೇನಾ?
– ಹೆಸರು ಬೇಡ, ಹಾಸನ

ಉತ್ತರ: ತಂಗಿ, ಅತ್ತೆಯ ಮಾತು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಈ ಕಾಯಿಲೆ ಸಲಿಗೆಯಿಂದ ಬರುವುದಿಲ್ಲ.

ನಿಮ್ಮ ಯಜಮಾನರು ಓದಿದ್ದು ಸುಳ್ಳಲ್ಲ. ಆದರೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಗಡೆ ಮಿದುಳಿನ ಒಂದು ಭಾಗವಿದೆ. ‘ಏನೋ ಸರಿಯಿಲ್ಲ’ ಅನ್ನುವ ಎಚ್ಚರಿಕೆಗೂ ಅದಕ್ಕೂ ನಂಟಿದೆ. ಅಲ್ಲಿಂದ ಮಿದುಳಿನ ಆಳದಲ್ಲಿರುವ ಕಾಡೇಟ್ ಎಂಬ ಭಾಗಕ್ಕೆ, ಮುಂದೆ ಥಲಾಮಸ್ ಎಂಬ ಇನ್ನೊಂದು ಭಾಗಕ್ಕೆ, ಮತ್ತೆ ಹಣೆಯ ಕಡೆಗೆ ಸಂದೇಶ ಸುತ್ತುತ್ತಲೇ ಇರುತ್ತದೆ. ನಾವು ಗ್ಯಾಸ್ ಆಫ್ ಮಾಡಿದರೆ ‘ಆಯ್ತು’ ಅನ್ನಿಸಿ ಮುಂದಕ್ಕೆ ಹೋಗುತ್ತೇವೆ. ಒಸಿಡಿ ಇರುವವರಲ್ಲಿ ಈ ಸುತ್ತು ಅತಿಯಾಗಿ ಕೆಲಸ ಮಾಡುತ್ತಿರುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಅದಕ್ಕೇ ರೆಗ್ಯುಲೇಟರ್ ಆಫ್ ಆಗಿರುವುದು ಕಣ್ಣಿಗೆ ಕಂಡರೂ ಅವರಿಗೆ ಆ ‘ಆಯ್ತು’ ಬರುವುದಿಲ್ಲ. ಫೋನ್ ತುಂಬ ರೆಗ್ಯುಲೇಟರ್ ಫೋಟೋ ಇದ್ದರೂ ಸಾಲುವುದಿಲ್ಲ, ಅಲ್ವಾ? ಪಾಪ, ಅವರಿಗೂ ಅದು ಹಿಂಸೆಯೇ.

ಈಗ ಅವರು ಓದದೆ ಬಿಟ್ಟ ಅರ್ಧ. 1992ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಎಂಬ ವೈದ್ಯರ ತಂಡ ಒಸಿಡಿ ಇದ್ದವರಿಗೆ ಚಿಕಿತ್ಸೆಗೆ ಮೊದಲು ಒಮ್ಮೆ, ಸುಮಾರು 10 ವಾರದ ನಂತರ ಇನ್ನೊಮ್ಮೆ, ಮಿದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಮಾಡಿತು. ಕೆಲವರಿಗೆ ಮಾತ್ರೆ ಕೊಟ್ಟಿದ್ದರು. ಉಳಿದವರಿಗೆ ಮಾತ್ರೆಯೇ ಇಲ್ಲ, ಬರೀ ವರ್ತನೆಯ ಚಿಕಿತ್ಸೆ. ಎರಡೂ ಗುಂಪಿನಲ್ಲಿ, ಗುಣ ಕಂಡವರ ಬಲಗಡೆಯ ಕಾಡೇಟ್‌ನ ಅಬ್ಬರ ಇಳಿದಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ನನಗೆ ಇದು ತುಂಬ ದೊಡ್ಡ ಮಾತು. ಭಯ ಬಂದರೂ ವಾಪಸ್ ಹೋಗಿ ನೋಡದೆ ಇರುವುದನ್ನು ಕಲಿತವರ ಮಿದುಳಿನಲ್ಲೂ ಬದಲಾವಣೆ ಕಂಡಿತು. ಇದನ್ನು ಅವರಿಗೆ ಓದಿ ಹೇಳಿ.

ಎಂಆರ್‌ಐಗೆ ಸುಮ್ನೆ ದುಡ್ಡು ಹಾಕಬೇಡಿ. ಅದರಲ್ಲಿ ಕಾಣುವ ವ್ಯತ್ಯಾಸಗಳು ತುಂಬ ಸಣ್ಣವು, ಬಹಳ ಜನರ ಸ್ಕ್ಯಾನ್ ಒಟ್ಟಿಗೆ ಇಟ್ಟು ನೋಡಿದಾಗಲೇ ಗೊತ್ತಾಗುವಂಥವು. ಒಬ್ಬರ ಸ್ಕ್ಯಾನ್ ನೋಡಿ ಒಸಿಡಿ ಇದೆ, ಇಲ್ಲ ಅಂತ ಹೇಳಲು ಆಗುವುದಿಲ್ಲ. ಬೇರೇನಾದರೂ ಅನುಮಾನ ಬಂದರೆ ಡಾಕ್ಟರೇ ಬರೆದುಕೊಡುತ್ತಾರೆ.

ಇನ್ನು ಆ ಫೋನ್ ಕರೆ. ‘ಆಫ್ ಆಗಿದೆ ರೀ, ನಾನೇ ನೋಡಿದೆ’ ಅಂತ ನೀವು ಪ್ರೀತಿಯಿಂದಲೇ ಹೇಳುತ್ತೀರಿ. ಅವರಿಗೆ ಕ್ಷಣಕಾಲ ಸಮಾಧಾನ. ಆಮೇಲೆ ಅದೇ ಸಮಾಧಾನಕ್ಕೆ ಇನ್ನೊಂದು ಕರೆ. ನಿಮ್ಮ ಉತ್ತರವೂ ಈ ಸುತ್ತಿಗೆ ಸೇರಿಕೊಂಡಿದೆ. ಹಾಗಂತ ನಾಳೆಯಿಂದಲೇ ಫೋನ್ ಎತ್ತದೆ ಇರಬೇಡಿ, ಅದು ಕ್ರೌರ್ಯವಾಗುತ್ತದೆ. ಇಬ್ಬರೂ ಒಟ್ಟಿಗೆ ಕೂತು ಮಾತಾಡಿ. ‘ಒಂದು ಸಲ ಹೇಳ್ತೀನಿ, ಎರಡನೇ ಸಲ ಕೇಳಿದರೆ ನಿಮ್ಮ ಜೊತೆ ಇರ್ತೀನಿ, ಉತ್ತರ ಮಾತ್ರ ಹೇಳಲ್ಲ’ ಅಂತ ಅವರ ಒಪ್ಪಿಗೆಯಿಂದಲೇ ಶುರು ಮಾಡಿ. ಮೊದಮೊದಲು ಅವರಿಗೆ ಚಡಪಡಿಕೆ ಜಾಸ್ತಿಯಾಗುತ್ತದೆ. ನಿಮಗೂ ಕರುಳು ಚುರುಕ್ ಅನ್ನುತ್ತದೆ. ಗಾಬರಿಯಾಗಬೇಡಿ. ಈ ವರ್ತನೆಯ ಚಿಕಿತ್ಸೆ ಗೊತ್ತಿರುವ ಮನಃಶಾಸ್ತ್ರಜ್ಞರು ಜೊತೆಗಿದ್ದರೆ ತುಂಬ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವ ಮುಂಚೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತ್ರೆಯನ್ನು ಹದಿನೈದು ದಿನಕ್ಕೆ ಬಿಟ್ಟರೆ ಫಲ ಗೊತ್ತಾಗುವುದೇ ಇಲ್ಲ. ಒಸಿಡಿಗೆ ಅದು ಸರಿಯಾಗಿ ಹಿಡಿಯಲು 8ರಿಂದ 12 ವಾರ ಬೇಕು. ಯಾಕೆ ಬಿಟ್ಟರು ಅಂತ ಕೇಳಿ ನೋಡಿ. ಹೊಟ್ಟೆ ತೊಳೆಸಿತೋ, ನಿದ್ದೆ ಕೆಟ್ಟಿತೋ, ನಾಚಿಕೆಯೋ? ಅದನ್ನೇ ಡಾಕ್ಟರ ಹತ್ತಿರ ಹೇಳಿ. ಹಳೇ ಚೀಟಿ ನೋಡಿಕೊಂಡು ನೀವೇ ಮತ್ತೆ ಮಾತ್ರೆ ಶುರು ಮಾಡಬೇಡಿ.