ಏಕರ್‌ನ ಜೋನ್: ಗುಟ್ಟಿನ ಮರುಮದುವೆ ಮತ್ತು ಮಕ್ಕಳು

ಇಂಗ್ಲೆಂಡಿನ ಒಂದನೆಯ ಎಡ್ವರ್ಡನ ಮಗಳು ಜೋನ್ ತಂದೆಗೆ ತಿಳಿಸದೆ ಮರುಮದುವೆಯಾದಾಗ ಆಕೆಗೆ ಶಿಕ್ಷೆಯಾಯಿತೇ ಎಂದು ತಾವು ಕೇಳಿದ್ದೀರಿ. ಆಯಿತು, ಆದರೆ ಸೆರೆಮನೆ ಕಂಡವನು ಅವಳ ಗಂಡ.

ಧರ್ಮಯುದ್ಧಕ್ಕೆ ಹೋಗಿದ್ದ ತಂದೆತಾಯಿಗೆ 1272ರಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಏಕರ್ ಪಟ್ಟಣದಲ್ಲಿ ಹುಟ್ಟಿದ ಈಕೆಯನ್ನು 1290ರಲ್ಲಿ, ವಯಸ್ಸಿನಲ್ಲಿ ಬಹಳ ಹಿರಿಯನಾದ ಗ್ಲಾಸ್ಟರಿನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರನಿಗೆ ಕೊಟ್ಟರು. 1295ರಲ್ಲಿ ಅವನು ತೀರಿಕೊಂಡ ಮೇಲೆ ಅರಸನು ಸವಾಯ್‌ನ ದೊರೆ ಅಮದೇಯಸನೊಡನೆ ಸಂಬಂಧ ಕುದುರಿಸುತ್ತಿರುವಾಗಲೇ ಆಕೆ ತನ್ನ ಮೊದಲ ಗಂಡನ ಪರಿವಾರದ ರಾಲ್ಫ್ ಡಿ ಮಾಂತರ್ಮರನನ್ನು 1297ರಲ್ಲಿ ಗುಟ್ಟಾಗಿ ವರಿಸಿದ್ದಳು. ಎಡ್ವರ್ಡನು ಮಗಳ ಜಮೀನುಗಳನ್ನು ಮುಟ್ಟುಗೋಲು ಹಾಕಿಕೊಂಡು ರಾಲ್ಫನನ್ನು ಬ್ರಿಸ್ಟಲ್ ಕೋಟೆಯಲ್ಲಿ ಇರಿಸಿದರೂ ಅದೇ ವರ್ಷ ಬಿಡುಗಡೆ ಮಾಡಿದನು. ಮಗಳ ಹಟವೇ ಗೆದ್ದಿತೆಂದು ನನ್ನ ಅಭಿಪ್ರಾಯ.

ಮೊದಲ ಮದುವೆಯ ಮಗ ಗಿಲ್ಬರ್ಟ್ 1314ರಲ್ಲಿ ಬ್ಯಾನಕ್‌ಬರ್ನ್ ಕದನದಲ್ಲಿ ಮಡಿದುದರಿಂದ ಕ್ಲೇರ್ ಮನೆತನದ ವಿಶಾಲ ಆಸ್ತಿ ಅವನ ಮೂವರು ಸೋದರಿಯರ ಪಾಲಾಯಿತು. ಕೇಂಬ್ರಿಜ್‌ನ ಕ್ಲೇರ್ ಕಾಲೇಜಿಗೆ ಆ ಹೆಸರು ಬಂದುದು ಅವರಲ್ಲಿ ಕಿರಿಯಳಾದ ಎಲಿಜಬೆತಳ ದತ್ತಿಯಿಂದ.