ತೂಕ ಸರಿಯಿದ್ದರೂ ಸಕ್ಕರೆ ಏರಿದ್ದೇಕೆ?

ಪ್ರಶ್ನೆ: ನನಗೆ 42 ವರ್ಷ, ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಕಚೇರಿಯ ತಪಾಸಣಾ ಶಿಬಿರದಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 23.4 ಎಂದು ಲೆಕ್ಕ ಹಾಕಿ ‘ನಾರ್ಮಲ್’ ಎಂದು ಬರೆದುಕೊಟ್ಟರು. ಆದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ. ಪ್ಯಾಂಟಿನ ಸೈಜ್ 34. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ನನ್ನ ಅಕ್ಕನ ಬಿಎಂಐ 28. ಅವರ ಸಕ್ಕರೆ, ಬಿ.ಪಿ. ಸರಿಯಿದ್ದರೂ, ಮಂಡಿನೋವೆಂದು ಹೋದಾಗಲೆಲ್ಲ ಪರೀಕ್ಷೆಗೂ ಮುನ್ನವೇ ‘ತೂಕ ಇಳಿಸಿ’ ಎಂದು ಹೇಳಿ ಕಳುಹಿಸುತ್ತಾರೆ. ನಮ್ಮಿಬ್ಬರಲ್ಲಿ ಚಿಂತಿಸಬೇಕಾದವರು ಯಾರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಹೆಚ್ಚು ಎಚ್ಚರ ವಹಿಸಬೇಕಾದವರು ನೀವೇ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹದ ಹಿಂದಿನ ಹಂತ. ನಿಮಗೆ ಕೊಟ್ಟ ‘ನಾರ್ಮಲ್’ ಎಂಬ ಮಾತೂ ಭಾರತೀಯರ ಮಟ್ಟಿಗೆ ಒಪ್ಪುವಂಥದ್ದಲ್ಲ. ನಮ್ಮಲ್ಲಿ ಬಿಎಂಐ 23 ದಾಟಿದರೇ ಹೆಚ್ಚು ತೂಕವೆಂದು ಪರಿಗಣಿಸಬೇಕೆಂದು ನಮ್ಮ ತಜ್ಞರು 2009ರಲ್ಲೇ ಹೇಳಿದ್ದಾರೆ.

ಬಿಎಂಐ ಸೂತ್ರವನ್ನು ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ 1830ರ ದಶಕದಲ್ಲಿ ರೂಪಿಸಿದ್ದು ಜನಸಮೂಹದ ಸರಾಸರಿಯನ್ನು ಅರಿಯಲಿಕ್ಕೇ ಹೊರತು ಒಬ್ಬ ವ್ಯಕ್ತಿಯ ಕಾಯಿಲೆಯನ್ನು ಗುರುತಿಸಲಿಕ್ಕಲ್ಲ. ತೂಕದಲ್ಲಿ ಸ್ನಾಯುವೆಷ್ಟು, ಕೊಬ್ಬೆಷ್ಟು, ಆ ಕೊಬ್ಬು ತೊಡೆಯಲ್ಲಿದೆಯೋ ಯಕೃತ್ತಿನಲ್ಲಿದೆಯೋ ಎಂಬುದು ಅದರಿಂದ ತಿಳಿಯುವುದಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ತೋರಿಸಿದರು: ಇಬ್ಬರ ಬಿಎಂಐ 22.3 ಆಗಿದ್ದರೂ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1ರಷ್ಟಿದ್ದರೆ ಯಾಜ್ಞಿಕ್ ಅವರಲ್ಲಿ ಶೇ 21.2ರಷ್ಟಿತ್ತು. ನಮ್ಮ ಜನರಲ್ಲಿ ಇದು ಸಾಮಾನ್ಯವಾದದ್ದರಿಂದ, ತಪಾಸಣಾ ಶಿಬಿರಗಳಲ್ಲಿ ತೂಕದ ಯಂತ್ರವಿಟ್ಟು ಅಳತೆಪಟ್ಟಿಯನ್ನು ಮರೆಯುವುದನ್ನು ನಾನು ದೊಡ್ಡ ಲೋಪವೆಂದೇ ಭಾವಿಸುತ್ತೇನೆ.

ಪ್ಯಾಂಟಿನ ಸೈಜನ್ನು ನಂಬಬೇಡಿ. ಬೆಲ್ಟನ್ನು ಹೆಚ್ಚಿನವರು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ನೇರವಾಗಿ ನಿಂತು, ಸಹಜವಾಗಿ ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಬಟ್ಟೆಯ ಮೇಲಲ್ಲದೆ ಮೈಮೇಲೆಯೇ ಟೇಪು ಹಿಡಿದು ಅಳೆಯಿರಿ. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ, ಎತ್ತರದ ಅರ್ಧವನ್ನು, ಅಂದರೆ ನಿಮಗೆ 84 ಸೆಂ.ಮೀ. ಅನ್ನು, ಮೀರದಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಬಿ.ಪಿ., ಕೊಲೆಸ್ಟ್ರಾಲ್ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿ.

ಉಪವಾಸದಿಂದ ತೂಕವನ್ನು ಸರ್ರನೆ ಇಳಿಸಲು ಹೊರಟರೆ ಸ್ನಾಯುವೂ ಕರಗುತ್ತದೆ. ಊಟದ ನಂತರದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಆ ಸ್ನಾಯುವೇ. ಆದ್ದರಿಂದ ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆಯ ಜೊತೆಗೆ ಎರಡು ದಿನವಾದರೂ ಬಸ್ಕಿಯಂಥ, ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಮಾಡಿ. ಅನ್ನ ಕಡಿಮೆ ಮಾಡಿ ಕಾಳು, ಮೊಸರು, ಸೊಪ್ಪು ಹೆಚ್ಚಿಸಿ. ನಿಮ್ಮೂರಿನ ಮಂಡಕ್ಕಿ-ಮೆಣಸಿನಕಾಯಿಯನ್ನು ಪೂರ್ತಿ ಬಿಡಬೇಕಿಲ್ಲ, ಪ್ರತಿ ಸಂಜೆಯ ಅಭ್ಯಾಸವಾಗದಿದ್ದರೆ ಸಾಕು.

ಇನ್ನು ನಿಮ್ಮ ಅಕ್ಕ. ಬೊಜ್ಜಿದ್ದೂ ಅಂಗಾಂಗಗಳು ಸರಿಯಾಗಿ ಕೆಲಸ ಮಾಡುತ್ತಿರುವ ಸ್ಥಿತಿಯನ್ನು, ಬೊಜ್ಜಿನಿಂದ ದೇಹಕ್ಕೆ ಹಾನಿಯಾಗಿರುವ ಸ್ಥಿತಿಯಿಂದ ಬೇರ್ಪಡಿಸಿ ನೋಡಬೇಕೆಂದು 2025ರ ಜನವರಿಯಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೂ ಭಾರತದ ತಜ್ಞರೂ ಹೇಳಿದ್ದಾರೆ. ಮಂಡಿಯ ತೊಂದರೆ ತೂಕದಿಂದ ಬಂದದ್ದೇ ಆಗಿದ್ದರೆ ಅವರು ಎರಡನೆಯ ಗುಂಪಿಗೆ ಸೇರಬಹುದು, ಆಗ ತೂಕ ಇಳಿಸುವುದು ಚಿಕಿತ್ಸೆಯ ಭಾಗವೇ ಆಗುತ್ತದೆ. ಆದರೆ ಅದನ್ನು ಮಂಡಿಯನ್ನು ಮುಟ್ಟಿ ನೋಡದೆ ತೀರ್ಮಾನಿಸುವಂತಿಲ್ಲ. ಮೊದಲು ನೋವಿನ ಕಾರಣವನ್ನು ಪರೀಕ್ಷಿಸಿ ಹೇಳುವಂತೆ ಅವರು ಮುಂದಿನ ಭೇಟಿಯಲ್ಲಿ ಸಂಕೋಚವಿಲ್ಲದೆ ಕೇಳಲಿ.